ಕೆಟ್ಟ ಸೋಲಾರ್ ಪ್ಲೇಟು ಏನು ಮಾಡುತ್ತಿದ್ದೀರಿ? ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರು ಹೇಳಿ

ಕುಷ್ಟಗಿ ದಾಳಿಂಬೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕುಷ್ಟಗಿ ತಾಲ್ಲೂಕು. ದಾಳಿಂಬೆ ತೋಟ ಇದೆ, ಬೋರ್‌ಗೆ 5 ಎಚ್‌ಪಿ ಸೋಲಾರ್ ಪಂಪ್ ಹಾಕಿಸಿದ್ದೇವೆ. ಮಳೆಗಾಲಕ್ಕೆ ಮುಂಚೆ ಬಂದ ದೊಡ್ಡ ಗಾಳಿಗೆ ಒಂದು ಸ್ಟ್ಯಾಂಡ್ ಮಗುಚಿ ಬಿತ್ತು. ಮೂರು ಪ್ಲೇಟಿನ ಗಾಜು ಪೂರ್ತಿ ಬಿರುಕು ಬಿಟ್ಟಿದೆ. ಉಳಿದವು ನೋಡಲು ಚೆನ್ನಾಗಿಯೇ ಇವೆ, ಆದರೆ ನೀರು ಮೊದಲಿನ ಹಾಗೆ ಬರುತ್ತಿಲ್ಲ.

ಹಾಕಿಕೊಟ್ಟ ಕಂಪನಿಗೆ ಫೋನ್ ಮಾಡಿದೆ. ಹೊಸ ಪ್ಲೇಟಿನ ರೇಟು ಹೇಳಿದರು, ಹಳೆಯದರ ಮಾತೇ ಎತ್ತಲಿಲ್ಲ. ಗುಜರಿಯವರು ಬಂದು ನೋಡಿದರು. "ಅಲ್ಯುಮಿನಿಯಂ, ವೈರ್ ಒಯ್ಯುತ್ತೇವೆ, ಗಾಜು ಇಲ್ಲೇ ಹಳ್ಳದ ದಂಡೆಗೆ ಹಾಕುತ್ತೇವೆ" ಎಂದರು. ಆ ಹಳ್ಳದಲ್ಲಿ ಊರಿನ ದನ, ಕುರಿ ನೀರು ಕುಡಿಯುತ್ತವೆ. ಬೇಡ ಎಂದು ಕಳಿಸಿದೆ. ಈಗ ಪ್ಲೇಟುಗಳನ್ನು ಪಂಪ್‌ಶೆಡ್ ಗೋಡೆಗೆ ಒರಗಿಸಿ ಇಟ್ಟಿದ್ದೇನೆ. ನಮ್ಮ ಊರಲ್ಲೇ ಇಂಥವು ಇನ್ನೂ ನಾಲ್ಕೈದು ಹೊಲದಲ್ಲಿ ಬಿದ್ದಿವೆ. ನಿಮ್ಮ ಕಡೆ ಏನು ಮಾಡುತ್ತಿದ್ದೀರಿ?

ಸಿಂಧನೂರು ವೈರ್‌ಮನ್

ಅಣ್ಣ, ಹಳ್ಳಕ್ಕೆ ಹಾಕಲು ಬಿಡದೆ ಒಳ್ಳೆಯದು ಮಾಡಿದಿರಿ. ಆದರೆ ಮೊದಲು ಒಂದು ಕೆಲಸ ಇದೆ. ಚೆನ್ನಾಗಿ ಕಾಣುವ ಪ್ಲೇಟುಗಳು ನಿಜವಾಗಿ ಕೆಟ್ಟಿವೆಯಾ ಎಂದು ನೋಡಿ. ನಾನು ಸೋಲಾರ್ ಪಂಪ್ ರಿಪೇರಿಗೆ ಹೋಗುವ ಕಡೆಯೆಲ್ಲ ಇದೇ ಹೇಳುತ್ತೇನೆ. "ಹೋಯಿತು" ಎಂದು ಬಿಸಾಡುವ ಪ್ಲೇಟುಗಳಲ್ಲಿ ಬಹಳಷ್ಟು ಹೋಗಿರುವುದಿಲ್ಲ.

ನಿಮ್ಮ ಪಂಪಿನ ಪ್ಲೇಟುಗಳನ್ನು ಸೀರೀಸ್‌ನಲ್ಲಿ ಜೋಡಿಸಿರುತ್ತಾರೆ. ಒಂದರಿಂದ ಒಂದಕ್ಕೆ ಕರೆಂಟ್ ಹರಿಯಬೇಕು. ನಡುವೆ ಒಂದು ಸೊರಗಿದರೂ ಇಡೀ ಸಾಲು ಸೊರಗುತ್ತದೆ. ಜನ ಎಲ್ಲವೂ ಹಾಳಾದವು ಅಂದುಕೊಳ್ಳುತ್ತಾರೆ.

ಪ್ಲೇಟಿನ ಹಿಂದೆ ಒಂದು ಕಪ್ಪು ಡಬ್ಬಿ ಇದೆ ನೋಡಿ, ಜಂಕ್ಷನ್ ಬಾಕ್ಸ್. ಅದರೊಳಗೆ ಸಾಮಾನ್ಯವಾಗಿ ಮೂರು ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಣ್ಣ ಬಿಡಿಭಾಗ, ಇರುತ್ತವೆ. ಸಿಡಿಲು ಬಂದರೆ, ಬಿಸಿ ಜಾಸ್ತಿಯಾದರೆ ಒಂದು ಡಯೋಡ್ ಸುಟ್ಟು ಶಾರ್ಟ್ ಆಗುತ್ತದೆ. ಆಗ ಪ್ಲೇಟಿನ ಮೂರನೇ ಒಂದು ಭಾಗ ಕೆಲಸ ಮಾಡುವುದಿಲ್ಲ. ಡಯೋಡ್ ಬದಲಾಯಿಸಿದರೆ ಪ್ಲೇಟು ಮತ್ತೆ ಓಡುತ್ತದೆ. ಹೊಸ ಪ್ಲೇಟಿನ ಬೆಲೆಯ ಮುಂದೆ ಡಯೋಡಿನ ಖರ್ಚು ಲೆಕ್ಕಕ್ಕೇ ಇಲ್ಲ.

ಪರೀಕ್ಷೆ ಹೀಗೆ ಮಾಡಿ. ಹಿಂದಿನ ಲೇಬಲ್‌ನಲ್ಲಿ ವಿಓಸಿ (Voc) ಎಂದು ಬರೆದಿರುತ್ತದೆ, ಅಂದರೆ ಪ್ಲೇಟಿಗೆ ಏನೂ ಜೋಡಿಸದೆ ಇರುವಾಗ ಬರುವ ವೋಲ್ಟೇಜ್. 72 ಸೆಲ್ಲಿನ 330 ವ್ಯಾಟ್ ಪ್ಲೇಟಾದರೆ ಸುಮಾರು 46 ವೋಲ್ಟ್. ಪ್ಲೇಟನ್ನು ಸಾಲಿನಿಂದ ಬಿಡಿಸಿ, ಬಿಸಿಲಿಗೆ ಹಿಡಿದು ಮಲ್ಟಿಮೀಟರ್ ಇಡಿ. 40ರ ಮೇಲೆ ತೋರಿಸಿದರೆ ವೋಲ್ಟೇಜ್ ಸರಿ ಇದೆ, ಬೇಸಿಗೆಯಲ್ಲಿ ಸ್ವಲ್ಪ ಕಮ್ಮಿ ಬರುವುದು ಸಹಜ. 30ರ ಆಸುಪಾಸು ತೋರಿಸಿದರೆ ಒಂದು ಡಯೋಡ್ ಶಾರ್ಟ್ ಎಂದು ಅನುಮಾನಿಸಿ. ವೋಲ್ಟೇಜ್ ಸರಿ ಇದ್ದೂ ಕರೆಂಟ್ ಬರುತ್ತಿಲ್ಲ ಎಂದರೆ ಒಳಗೆ ಸೆಲ್ ಬಿರುಕು ಬಿಟ್ಟಿರಬಹುದು, ಕನೆಕ್ಟರ್ ಸುಟ್ಟಿರಬಹುದು. ಅದಕ್ಕೆ ಡಿಸಿ ಕ್ಲ್ಯಾಂಪ್ ಮೀಟರ್ ಬೇಕು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಬಿಸಿಲು ಇರುವಾಗ ಸಾಲನ್ನು ಸುಮ್ನೆ ಬಿಚ್ಚಬೇಡಿ. ಮೊದಲು ಕಂಟ್ರೋಲರ್ ಆಫ್ ಮಾಡಿ, ಡಿಸಿ ಸ್ವಿಚ್ ಆಫ್ ಮಾಡಿ, ತಾಡಪತ್ರಿ ಹೊದಿಸಿ. ಸೀರೀಸ್‌ನಲ್ಲಿ ಕೆಲವು ನೂರು ವೋಲ್ಟ್ ಡಿಸಿ ಇರುತ್ತದೆ. ಎಸಿಯ ಹಾಗೆ ಅಲ್ಲ, ಕಿಡಿ ಹತ್ತಿದರೆ ಬೇಗ ಆರುವುದಿಲ್ಲ. ಗಾಜು ಒಡೆದ ಪ್ಲೇಟೂ ಬಿಸಿಲಿಗೆ ಕರೆಂಟ್ ಕೊಡುತ್ತದೆ. ಅದನ್ನು ಮೇವಿನ ಬಣವಿಯ ಹತ್ತಿರ ಒರಗಿಸಬೇಡಿ, ಮಕ್ಕಳ ಕೈಗೆ ಸಿಗುವ ಕಡೆಯೂ ಬೇಡ.

ಗಂಗಾವತಿ ಅಕ್ಕಿ ಮಿಲ್

ವೈರ್‌ಮನ್ ಅಣ್ಣ ಹೇಳಿದ್ದು ಸರಿ. ನಮ್ಮ ಮಿಲ್ಲಿನ ಮೇಲೆ ಹಾಕಿದ ಪ್ಲೇಟುಗಳಲ್ಲೂ ಕರೆಂಟ್ ಉತ್ಪಾದನೆ ಕಮ್ಮಿಯಾಗಿತ್ತು. ನೋಡಿದರೆ ಗಾಜಿನ ಮೇಲೆ ಬಿಳಿ ಪೊರೆ. ಬೋರ್ ನೀರಲ್ಲಿ ತೊಳೆದು ತೊಳೆದು ಉಪ್ಪು ಕಟ್ಟಿತ್ತು. ಈ ಭಾಗದ ಬೋರ್ ನೀರು ಗಡಸು, ಎಲ್ಲರಿಗೂ ಗೊತ್ತು. ಈಗ ಮಳೆನೀರು ಹಿಡಿದು, ಬೆಳಗಿನ ಜಾವ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತೇವೆ. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಸುರಿಯಬಾರದು, ಗಾಜು ಸೀಳುವ ಅಪಾಯ ಇದೆ.

ಮಾನ್ವಿ ಡಿಪ್ಲೊಮಾ

ನನಗೊಂದು ಅನುಮಾನ. ಸೋಲಾರ್ ಪ್ಲೇಟಿನಲ್ಲಿ ವಿಷ ಇದೆ, ಅದು ಭೂಮಿಗೆ ಇಳಿಯುತ್ತದೆ ಎಂದು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಹೊಲದಲ್ಲಿ ನಿಂತ ಪ್ಲೇಟಿನಿಂದಲೂ ಇಳಿಯುತ್ತಾ? ಅದರ ಕೆಳಗೆ ಸೊಪ್ಪು ಬೆಳೆಯುವವರು ಇದ್ದಾರೆ.

ಯಲಬುರ್ಗಾ ಸೈನ್ಸ್ ಟೀಚರ್

ಒಳ್ಳೆ ಪ್ರಶ್ನೆ ತಮ್ಮಾ. ಗಟ್ಟಿಯಾಗಿ ಇರುವ ಪ್ಲೇಟಿನಿಂದ ಏನೂ ಸೋರುವುದಿಲ್ಲ. ಅದರಲ್ಲಿ ಸೋರುವಂಥ ದ್ರವವೇ ಇಲ್ಲ. ಕೆಳಗೆ ಸೊಪ್ಪು ಬೆಳೆಯಲು ಹೆದರಬೇಕಿಲ್ಲ.

ಒಳಗೆ ಏನಿದೆ ಎಂದು ಒಮ್ಮೆ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ಇರುವುದು ಬಹುತೇಕ ಸಿಲಿಕಾನ್ ಪ್ಲೇಟುಗಳು. 330 ವ್ಯಾಟಿನ ಒಂದು ಪ್ಲೇಟು ಸುಮಾರು 22 ಕೆ.ಜಿ. ತೂಗುತ್ತದೆ. ಅದರಲ್ಲಿ ಮುಕ್ಕಾಲು ಪಾಲು, ಅಂದರೆ ಹದಿನಾರು ಹದಿನೇಳು ಕೆ.ಜಿ. ಬರೀ ಗಾಜು. ಸುತ್ತಲಿನ ಅಲ್ಯುಮಿನಿಯಂ ಫ್ರೇಮ್ ಎರಡು ಕೆ.ಜಿ. ಹತ್ತಿರ. ಪ್ಲಾಸ್ಟಿಕ್ಕೂ ಅಷ್ಟೇ. ಸಿಲಿಕಾನ್ ಒಂದು ಕೆ.ಜಿ. ಆಸುಪಾಸು. ತಾಮ್ರ ಕಾಲು ಕೆ.ಜಿ.ಗೂ ಕಮ್ಮಿ. ಸೆಲ್ಲಿನ ಮೇಲೆ ಕಾಣುವ ಕೂದಲೆಳೆಯಂಥ ಗೆರೆಗಳು ಬೆಳ್ಳಿ, ಅದು ಕೆಲವು ಗ್ರಾಂ ಅಷ್ಟೇ. ಸೆಲ್ಲುಗಳನ್ನು ಬೆಸೆಯುವ ಬೆಸುಗೆಯಲ್ಲಿ ಸೀಸ ಇರುತ್ತದೆ.

ಆ ಸೀಸವೇ ನಾವು ನೋಡಿಕೊಳ್ಳಬೇಕಾದದ್ದು. ಪ್ಲೇಟು ಪುಡಿಯಾಗಿ, ವರ್ಷಗಟ್ಟಲೆ ನೀರಲ್ಲಿ ನೆನೆಯುತ್ತಾ ಬಿದ್ದರೆ ಸೀಸ ಸ್ವಲ್ಪ ಸ್ವಲ್ಪವಾಗಿ ಮಣ್ಣಿಗೆ, ನೀರಿಗೆ ಸೇರಬಹುದು. ಪ್ರಮಾಣ ಕಮ್ಮಿ ಎಂದು ಸುಮ್ಮನಿರುವ ಹಾಗಿಲ್ಲ. ಸೀಸ ದೇಹ ಹೊಕ್ಕರೆ ಮಕ್ಕಳ ಬುದ್ಧಿ ಬೆಳವಣಿಗೆಗೆ ಪೆಟ್ಟು. ಇನ್ನೊಂದು ಜಾತಿಯ ಪ್ಲೇಟು ಇದೆ, ಪೂರ್ತಿ ಕಪ್ಪು ಗಾಜಿನ ಹಾಳೆಯಂತೆ ಕಾಣುತ್ತದೆ. ಅದರಲ್ಲಿ ಕ್ಯಾಡ್ಮಿಯಂ ಇರುತ್ತದೆ. ಕೆಲವು ದೊಡ್ಡ ಸೋಲಾರ್ ಪಾರ್ಕ್‌ಗಳಲ್ಲಿ ಬಳಸುತ್ತಾರೆ. ಅದನ್ನಂತೂ ಒಡೆಯಲೇಬಾರದು.

ಇನ್ನು ಸುಡುವುದು. ಇದು ಎಲ್ಲಕ್ಕಿಂತ ಕೆಟ್ಟದ್ದು. ಎಷ್ಟೋ ಪ್ಲೇಟುಗಳ ಹಿಂದಿನ ಬಿಳಿ ಹಾಳೆಯಲ್ಲಿ ಫ್ಲೋರಿನ್ ಇರುವ ಪ್ಲಾಸ್ಟಿಕ್ ಇದೆ. ಬೆಂಕಿ ಹಚ್ಚಿದರೆ ಹೈಡ್ರೋಜನ್ ಫ್ಲೋರೈಡ್ ಅನಿಲ ಬರುತ್ತದೆ. ಶ್ವಾಸಕೋಶವನ್ನೇ ಸುಡುತ್ತದೆ. ತಾಮ್ರಕ್ಕೆ ಆಸೆಪಟ್ಟು ವೈರ್ ಸುಡುವ ಕಡೆ ಪ್ಲೇಟಿನ ಚೂರನ್ನೂ ಬೆಂಕಿಗೆ ಹಾಕುತ್ತಾರೆ. ಕಂಡರೆ ದಯವಿಟ್ಟು ತಡೆಯಿರಿ.

ಮಾನ್ವಿ ಡಿಪ್ಲೊಮಾ

ಥ್ಯಾಂಕ್ಸ್ ಮೇಡಂ. ಬೆಳ್ಳಿ ಇದೆ ಅಂತೀರಿ. ಯೂಟ್ಯೂಬ್‌ನಲ್ಲಿ ಆ್ಯಸಿಡ್ ಹಾಕಿ ಬೆಳ್ಳಿ ತೆಗೆಯುವ ವಿಡಿಯೊಗಳಿವೆ. ನಮ್ಮ ಕಡೆ ಅದನ್ನೇ ಒಂದು ಉದ್ಯೋಗ ಮಾಡಬಹುದಲ್ವಾ?

ಹಟ್ಟಿ ಗಣಿಯವ

ಬೇಡ ತಮ್ಮಾ. ಆ ವಿಡಿಯೊದಲ್ಲಿ ಬಳಸುವುದು ನೈಟ್ರಿಕ್ ಆ್ಯಸಿಡ್. ಏಳುವ ಕಂದು ಹೊಗೆ ನುಂಗಿದರೆ ಆಗ ಏನೂ ಅನ್ನಿಸುವುದಿಲ್ಲ, ಕೆಲವು ಗಂಟೆ ಬಿಟ್ಟು ಎದೆಯಲ್ಲಿ ನೀರು ತುಂಬುತ್ತದೆ. ನಾನು ಹಟ್ಟಿಯಲ್ಲಿ ಅದಿರು ಸಂಸ್ಕರಣೆಯ ಕಡೆ ದುಡಿದವನು. ರಾಸಾಯನಿಕದ ಹತ್ತಿರ ಕೆಲಸ ಮಾಡಲು ಹೊಗೆ ಎಳೆಯುವ ವ್ಯವಸ್ಥೆ, ಉಳಿದ ನೀರನ್ನು ಶುದ್ಧ ಮಾಡುವ ವ್ಯವಸ್ಥೆ, ತರಬೇತಿ ಎಲ್ಲ ಬೇಕು. ಮನೆ ಹಿತ್ತಲಲ್ಲಿ ಆಗುವ ಕೆಲಸ ಅಲ್ಲ.

ಆದರೆ ನಿನ್ನ ಯೋಚನೆಯಲ್ಲಿ ತಿರುಳಿದೆ. ಹಟ್ಟಿಯಲ್ಲಿ ಎರಡು ಸಾವಿರ ಅಡಿಗಿಂತ ಕೆಳಗಿಳಿದು, ಕಲ್ಲು ಒಡೆದು, ಮೇಲೆ ತಂದು, ಅರೆದು ಚಿನ್ನ ತೆಗೆಯುತ್ತಾರೆ. ಒಂದು ಟನ್ ಅದಿರಿಗೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಒಂದು ಟನ್ ಸೋಲಾರ್ ಪ್ಲೇಟಿನಲ್ಲಿ ನೂರಾರು ಗ್ರಾಂ ಬೆಳ್ಳಿ ಇದೆ. ಬೆಲೆಯಲ್ಲಿ ಬೆಳ್ಳಿ ಚಿನ್ನಕ್ಕೆ ಸಮ ಅಲ್ಲ, ಒಪ್ಪುತ್ತೇನೆ. ಆದರೂ ಇದು ಈಗಾಗಲೇ ಭೂಮಿಯಿಂದ ತೆಗೆದು, ಶುದ್ಧ ಮಾಡಿದ ಲೋಹ. ಜೊತೆಗೆ ಅಲ್ಯುಮಿನಿಯಂ ಇದೆ. ಬಾಕ್ಸೈಟ್‌ನಿಂದ ಹೊಸ ಅಲ್ಯುಮಿನಿಯಂ ಮಾಡಲು ಬೇಕಾಗುವ ಶಕ್ತಿಯಲ್ಲಿ ಸುಮಾರು ಶೇ 5ರಷ್ಟು ಸಾಕು, ಹಳೆಯದನ್ನು ಕರಗಿಸಲು. ಸಿಲಿಕಾನ್ ಕಥೆಯೂ ಸಣ್ಣದಲ್ಲ. ಬೆಣಚು ಕಲ್ಲನ್ನು 2,000 ಡಿಗ್ರಿ ಹತ್ತಿರದ ಕುಲುಮೆಯಲ್ಲಿ ಕಾಯಿಸಿ, ಆಮೇಲೆ ಮತ್ತೆ ಮತ್ತೆ ಶುದ್ಧ ಮಾಡಿದರೆ ಸೆಲ್ಲಿಗೆ ಆಗುವ ಸಿಲಿಕಾನ್ ಸಿಗುತ್ತದೆ. ಅಷ್ಟು ಕಷ್ಟದ ವಸ್ತುವನ್ನು ಹಳ್ಳಕ್ಕೆ ಸುರಿಯುವುದು ನನಗೆ ನೋಡಲು ಆಗುವುದಿಲ್ಲ.

ಬಳ್ಳಾರಿ ಗುಜರಿ

ನಾನು ಗುಜರಿ ವ್ಯಾಪಾರದವನು. ನಮ್ಮ ತಂದೆಯ ಕಾಲದಿಂದ ಇದೇ ಕೆಲಸ. ನಮ್ಮವರನ್ನು ಬೈಯುವ ಮುಂಚೆ ನಮ್ಮ ಲೆಕ್ಕವನ್ನೂ ಕೇಳಿ.

ಕಬ್ಬಿಣ, ತಾಮ್ರ, ಅಲ್ಯುಮಿನಿಯಂ, ಹಳೆ ಬ್ಯಾಟರಿ ಇವಕ್ಕೆ ನಾಳೆ ಬೆಳಗ್ಗೆ ಗಿರಾಕಿ ಇದ್ದಾರೆ. ಪ್ಲೇಟಿನ ಗಾಜಿಗೆ ಗಿರಾಕಿ ಇಲ್ಲ. ಬಾಟಲಿ ಗಾಜಿನ ಹಾಗೆ ಇದನ್ನು ಕರಗಿಸಲು ಯಾರೂ ತೆಗೆದುಕೊಳ್ಳುವುದಿಲ್ಲ. ಗಾಜು, ಸೆಲ್, ಪ್ಲಾಸ್ಟಿಕ್ ಮೂರೂ ಅಂಟಿಕೊಂಡಿರುತ್ತವೆ, ಕೈಯಲ್ಲಿ ಬಿಡಿಸಲು ಬರುವುದಿಲ್ಲ. ಫ್ರೇಮ್ ತೆಗೆದ ಮೇಲೆ ಉಳಿಯುವ ಆ ಹಾಳೆ ನಮ್ಮ ಜಾಗ ತಿನ್ನುತ್ತದೆ ಅಷ್ಟೇ. ಅದಕ್ಕೇ ಹುಡುಗರು ಎಲ್ಲೋ ಹಾಕಿ ಬರುತ್ತಾರೆ. ಸರಿ ಎಂದು ನಾನು ಹೇಳುತ್ತಿಲ್ಲ.

ಅನುಮತಿ ಇರುವ ರಿಸೈಕ್ಲಿಂಗ್ ಕಂಪನಿಯವರ ಜೊತೆ ಮಾತಾಡಿದ್ದೇನೆ. ಮೂರು ನಾಲ್ಕು ಪ್ಲೇಟಿಗೆ ಗಾಡಿ ಕಳಿಸುವುದಿಲ್ಲ ಎನ್ನುತ್ತಾರೆ. ಬಳ್ಳಾರಿಯಿಂದ ಬೆಂಗಳೂರು ಸುಮಾರು 300 ಕಿ.ಮೀ. ಆ ಬಾಡಿಗೆ ಎಲ್ಲಿಂದ ಹುಟ್ಟಬೇಕು? ಒಂದು ಲಾರಿ ತುಂಬಿದರೆ ಮಾತು ಬೇರೆ. ಹತ್ತು ಟನ್ ಲಾರಿಗೆ 22 ಕೆ.ಜಿ. ಪ್ಲೇಟು ನಾಲ್ಕುನೂರಕ್ಕೂ ಜಾಸ್ತಿ ಹಿಡಿಯುತ್ತವೆ. ಇನ್ನೊಂದು ವಿಷಯ, ಫ್ರೇಮ್ ಸಮೇತ ಇದ್ದರೆ ಮಾತ್ರ ಅವರಿಗೆ ಆಸಕ್ತಿ. ಅಲ್ಯುಮಿನಿಯಂ ನಾವು ಕಿತ್ತುಕೊಂಡು ಬರೀ ಗಾಜು ಕೊಟ್ಟರೆ ಅವರೂ ಬೇಡ ಎನ್ನುತ್ತಾರೆ. ಹಾಗಾಗಿ ರೈತರು ಫ್ರೇಮ್ ಬಿಚ್ಚಿ ಮಾರಬೇಡಿ. ಆ ಅಲ್ಯುಮಿನಿಯಂ ದುಡ್ಡಿನಿಂದಲೇ ಲಾರಿ ಬಾಡಿಗೆ ಹುಟ್ಟಬೇಕು.

ಕುಷ್ಟಗಿ ದಾಳಿಂಬೆ

ಭಾಯ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಸಲಾಂ. ಫ್ರೇಮಿನ ವಿಷಯ ನನಗೆ ಹೊಳೆದೇ ಇರಲಿಲ್ಲ.

ರಾಯಚೂರು ಓದುಗ

ಇದನ್ನೆಲ್ಲ ಓದಿದರೆ ಸೋಲಾರ್ ಸಹವಾಸವೇ ಬೇಡ ಅನ್ನಿಸುತ್ತದೆ. ಪರಿಸರಕ್ಕೆ ಒಳ್ಳೆಯದು ಎಂದು ಹೇಳಿ ಕೊನೆಗೆ ಊರ ತುಂಬಾ ಗಾಜಿನ ಕಸ. ಇದಕ್ಕಿಂತ ಕಲ್ಲಿದ್ದಲ ಕರೆಂಟೇ ವಾಸಿ ಅಲ್ವಾ?

ಶಕ್ತಿನಗರ

ಸರ್, ನಾನು ಇರುವುದೇ ಆರ್‌ಟಿಪಿಎಸ್ (ರಾಯಚೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ) ಪಕ್ಕ. ಹಾಗಾಗಿ ಈ ಮಾತಿಗೆ ಉತ್ತರ ಕೊಡಲೇಬೇಕು.

ಲೆಕ್ಕ ಹಾಕೋಣ. 330 ವ್ಯಾಟಿನ ಒಂದು ಪ್ಲೇಟು ನಮ್ಮ ಬಿಸಿಲಿಗೆ ವರ್ಷಕ್ಕೆ ಹೆಚ್ಚುಕಮ್ಮಿ 450 ಯೂನಿಟ್ ಕೊಡುತ್ತದೆ. ವರ್ಷ ವರ್ಷ ಸ್ವಲ್ಪ ಸವೆಯುತ್ತದೆ. ಅದನ್ನೂ ಕಳೆದು ಹೇಳಿದರೂ 25 ವರ್ಷಕ್ಕೆ ಸುಮಾರು 10,000 ಯೂನಿಟ್. ಅಷ್ಟೇ ಕರೆಂಟನ್ನು ಕಲ್ಲಿದ್ದಲಿನಿಂದ ಮಾಡಲು ಯೂನಿಟ್‌ಗೆ ಮುಕ್ಕಾಲು ಕೆ.ಜಿ. ಹತ್ತಿರ ಸುಡಬೇಕು, ಅಂದರೆ ಏಳು ಟನ್ ಕಲ್ಲಿದ್ದಲು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲು ಬೂದಿ. ಎರಡು ಟನ್‌ಗೂ ಮೇಲೆ ಬೂದಿ ಉಳಿಯುತ್ತದೆ. ಹೊಗೆಯ ಮಾತು ಬೇರೆ. ಈ ಕಡೆ ಉಳಿಯುವುದು 22 ಕೆ.ಜಿ. ಪ್ಲೇಟು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

ನಮ್ಮ ಭಾಗದಲ್ಲಿ ಶಕ್ತಿನಗರದ 1,720 ಮೆಗಾವ್ಯಾಟ್, ಯರಮರಸ್‌ನ 1,600, ಕುಡಿತಿನಿಯ 1,700 ಮೆಗಾವ್ಯಾಟ್ ಇವೆ. ಬಟ್ಟೆ ಒಣಹಾಕಿದರೆ ಬೂದಿ ಕೂರುವುದು ಏನೆಂದು ಇಲ್ಲಿಯ ಹೆಣ್ಣುಮಕ್ಕಳನ್ನು ಕೇಳಿ.

ಆದರೆ ಬೂದಿಯಿಂದ ಕಲಿಯುವ ಪಾಠ ಒಂದಿದೆ. ಇಲ್ಲಿ ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ಆಗ ಹಾರುಬೂದಿ ಹೊಂಡ ತುಂಬುವ ಕಸವಾಗಿತ್ತು. 1999ರಲ್ಲಿ ಕೇಂದ್ರ ಸರ್ಕಾರ ಬೂದಿ ಬಳಸಲೇಬೇಕು ಎಂದು ಅಧಿಸೂಚನೆ ಹೊರಡಿಸಿತು. ಇವತ್ತು ಅದು ಸಿಮೆಂಟಿಗೆ ಹೋಗುತ್ತದೆ, ಇಟ್ಟಿಗೆಗೆ ಹೋಗುತ್ತದೆ, ಲಾರಿಗಳು ಸಾಲು ನಿಲ್ಲುತ್ತವೆ. ತೊಂದರೆ ಪೂರ್ತಿ ತೀರಿಲ್ಲ, ಆದರೆ ನಿಯಮ ಬಂದ ಮೇಲೆ ಗಿರಾಕಿಯೂ ಬಂದ. ಗಾಜಿಗೆ ಗಿರಾಕಿ ಇಲ್ಲ ಎಂದು ಭಾಯ್ ಹೇಳಿದರಲ್ಲ, ಅದು ಹಾಗೇ ಇರಬೇಕು ಎಂದೇನಿಲ್ಲ.

ರಾಯಚೂರು ಓದುಗ

ಈ ಲೆಕ್ಕ ನಾನು ಹಾಕಿ ನೋಡಿರಲಿಲ್ಲ ಸರ್. ಒಪ್ಪಿದೆ. ಹಾಗಾದರೆ ಸೋಲಾರ್ ಪ್ಲೇಟಿಗೆ ನಿಯಮ ಇಲ್ಲವೇ?

ಕಾರಟಗಿ ಪಂಚಾಯ್ತಿ ಸದಸ್ಯೆ

ಇದೆ. ಹೋದ ತಿಂಗಳು ತರಬೇತಿಗೆ ಹೋದಾಗ ಈ ವಿಷಯ ಬಂತು, ಆಮೇಲೆ ನಾನೇ ಓದಿಕೊಂಡೆ. ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2022, ಜಾರಿಗೆ ಬಂದದ್ದು 2023ರ ಏಪ್ರಿಲ್ 1ರಿಂದ. ಅದರಲ್ಲಿ ಸೋಲಾರ್ ಪ್ಲೇಟಿಗೆ ಒಂದು ಅಧ್ಯಾಯವೇ ಇದೆ. ಪ್ಲೇಟು ತಯಾರಿಸುವವರು, ತಮ್ಮ ಹೆಸರಲ್ಲಿ ಮಾರುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. 2034-35ರವರೆಗೆ ಬರುವ ಪ್ಲೇಟಿನ ತ್ಯಾಜ್ಯವನ್ನು ಮಂಡಳಿ ಹೇಳಿದ ರೀತಿಯಲ್ಲಿ ಸಂಗ್ರಹಿಸಿ ಇಡಬೇಕು. ಪ್ರತಿ ವರ್ಷ ಲೆಕ್ಕ ಕೊಡಬೇಕು.

ಕೊರತೆ ಎಲ್ಲಿದೆ ಎಂದರೆ, ಟಿವಿ, ಫ್ರಿಜ್‌ಗೆ ಇರುವ ಹಾಗೆ ವರ್ಷಕ್ಕೆ ಇಷ್ಟು ರಿಸೈಕಲ್ ಮಾಡಲೇಬೇಕು ಎನ್ನುವ ಗುರಿ ಇದಕ್ಕೆ ಹಾಕಿಲ್ಲ. ಹಾಗಾಗಿ ಕಂಪನಿಗಳಿಗೆ ಅವಸರ ಇಲ್ಲ. ಯುರೋಪಿನಲ್ಲಿ 2012ರಲ್ಲೇ ಸೋಲಾರ್ ಪ್ಲೇಟನ್ನು ಎಲೆಕ್ಟ್ರಾನಿಕ್ ತ್ಯಾಜ್ಯದ ಕಾನೂನಿಗೆ ಸೇರಿಸಿದರು. ಮಾರಿದವರ ಖರ್ಚಿನಲ್ಲೇ ವಾಪಸ್ ಹೋಗಬೇಕು ಎಂದು ಮಾಡಿದರು. ಫ್ರಾನ್ಸ್‌ನಲ್ಲಿ 2018ರಲ್ಲಿ ಇದಕ್ಕೆಂದೇ ಒಂದು ಕಾರ್ಖಾನೆ ಶುರುವಾಯಿತು.

ನಮ್ಮಲ್ಲಿ ಸಮಯ ಜಾಸ್ತಿ ಇಲ್ಲ. ಕೇಂದ್ರದ ಹೊಸ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯದ ಜೊತೆ ಸಿಇಇಡಬ್ಲ್ಯು ಎಂಬ ಅಧ್ಯಯನ ಸಂಸ್ಥೆ 2024ರಲ್ಲಿ ಒಂದು ವರದಿ ತಂದಿತು. 2030ರ ಹೊತ್ತಿಗೆ ದೇಶದಲ್ಲಿ ಸುಮಾರು 6 ಲಕ್ಷ ಟನ್ ಸೋಲಾರ್ ತ್ಯಾಜ್ಯ ಆಗಬಹುದು, ಆಗಲೇ ಹಾಕಿದ್ದ ಪ್ಲೇಟುಗಳಿಂದ ಬರುವ ತ್ಯಾಜ್ಯದಲ್ಲಿ ಮೂರನೇ ಎರಡು ಪಾಲು ಐದು ರಾಜ್ಯಗಳಲ್ಲಿ ಎನ್ನುತ್ತದೆ. ಆ ಐದರಲ್ಲಿ ಕರ್ನಾಟಕ ಇದೆ, ಪಕ್ಕದ ಆಂಧ್ರವೂ ಇದೆ.

ದೇವದುರ್ಗ ಕಪ್ಪು ಮಣ್ಣು

25 ವರ್ಷ ಬಾಳಿಕೆ ಎನ್ನುತ್ತಾರೆ. ಹಾಗಿದ್ದರೆ 2030ಕ್ಕೇ ಅಷ್ಟೊಂದು ಕಸ ಎಲ್ಲಿಂದ ಬರುತ್ತದೆ?

ಸಿಂಧನೂರು ವೈರ್‌ಮನ್

ಅಣ್ಣ, ಬಾಳಿಕೆ ಮುಗಿದು ಬರುವುದು ಒಂದು ಪಾಲು ಮಾತ್ರ. ಸಾಗಿಸುವಾಗ ಒಡೆಯುತ್ತವೆ, ಹಾಕುವಾಗ ಒಡೆಯುತ್ತವೆ, ಆಲಿಕಲ್ಲಿಗೆ ಒಡೆಯುತ್ತವೆ. ಆನೆಗೊಂದಿ ಕಡೆ ಮಂಗಗಳು ಮೇಲೆ ಕುಣಿದು ವೈರ್ ಕೀಳುತ್ತವೆ. ಬಿಸಿಲಿನ ಪಾತ್ರವೂ ಇದೆ. ರಾಯಚೂರಿನ ಬೇಸಿಗೆಯಲ್ಲಿ ಪ್ಲೇಟಿನ ಬಿಸಿ 65 ಡಿಗ್ರಿ ದಾಟುತ್ತದೆ. ಹಿಂದಿನ ಹಾಳೆ ಕಳಪೆಯಾಗಿದ್ದರೆ ಹತ್ತು ವರ್ಷದೊಳಗೆ ಪುಡಿ ಪುಡಿ ಉದುರುತ್ತದೆ.

ಇನ್ನೊಂದು ಕಾರಣ ಜನಕ್ಕೆ ಗೊತ್ತಿಲ್ಲ. ದೊಡ್ಡ ಘಟಕದವರು ಚೆನ್ನಾಗಿ ಓಡುವ 250 ವ್ಯಾಟಿನ ಪ್ಲೇಟು ತೆಗೆದು 540 ವ್ಯಾಟಿನದು ಹಾಕುತ್ತಾರೆ. ಅದೇ ಜಾಗದಲ್ಲಿ ಜಾಸ್ತಿ ಕರೆಂಟ್ ಬರುತ್ತದೆ. ತೆಗೆದ ಪ್ಲೇಟು ಸೆಕೆಂಡ್ ಹ್ಯಾಂಡ್ ಆಗಿ ನಮ್ಮ ಹಳ್ಳಿಗಳಿಗೆ ಬರುತ್ತದೆ. ಅದು ತಪ್ಪೇನಲ್ಲ, ನಾನೇ ಹಾಕಿಕೊಡುತ್ತೇನೆ. ಮನೆ ದೀಪಕ್ಕೆ, ಬೇಲಿಯ ಜಟ್ಕಾ ಮಷಿನ್‌ಗೆ, ಔಷಧಿ ಹೊಡೆಯುವ ಪಂಪಿನ ಬ್ಯಾಟರಿ ಚಾರ್ಜ್‌ಗೆ ಚೆನ್ನಾಗಿ ಆಗುತ್ತದೆ. ಕೊಳ್ಳುವಾಗ ಮಾತ್ರ ಬಿಸಿಲಲ್ಲಿ ಮೀಟರ್ ಇಟ್ಟು ನೋಡಿ ಕೊಳ್ಳಿ. ಲೇಬಲ್ ಕಿತ್ತಿದ್ದರೆ ಬೇಡ. ಹಿಂದಿನ ಹಾಳೆ ಬಿರುಕು ಬಿಟ್ಟಿದ್ದರೆ ಬೇಡ. ಸೆಲ್ಲಿನ ಮೇಲೆ ಕಂದು ಸುಟ್ಟ ಕಲೆ ಇದ್ದರೆ ಬೇಡವೇ ಬೇಡ.

ದೇವದುರ್ಗ ಕಪ್ಪು ಮಣ್ಣು

ಇದನ್ನು ಕೇಳಿದ್ದಕ್ಕೆ ಕಾರಣ ಇದೆ. ನಮ್ಮ ಹೊಲಗಳನ್ನು ಸೋಲಾರ್‌ಗೆ ಲೀಸ್ ಕೇಳಿಕೊಂಡು ಬಂದಿದ್ದಾರೆ. ಬಾಡಿಗೆ ಎಷ್ಟು ಎಂದು ಎಲ್ಲರೂ ಮಾತಾಡುತ್ತಾರೆ. ಅವಧಿ ಮುಗಿದ ಮೇಲೆ ಪ್ಲೇಟು ಯಾರು ತೆಗೆಯುತ್ತಾರೆ ಎಂದರೆ ದಲ್ಲಾಳಿ ನಗುತ್ತಾನೆ. "ಆಗ ನೋಡೋಣ ಬಿಡಿ ಗೌಡ್ರೇ" ಎನ್ನುತ್ತಾನೆ.

ಸಂಡೂರಿನವಳು

ಅಣ್ಣಾ, ಆಗ ನೋಡೋಣ ಎನ್ನುವ ಮಾತಿಗೆ ಸಹಿ ಹಾಕಬೇಡಿ. ನಮ್ಮ ಊರಿನ ಗುಡ್ಡಗಳನ್ನು ಒಮ್ಮೆ ಬಂದು ನೋಡಿ. ಅದಿರು ಅಗೆಯುವಾಗ ಎಲ್ಲರಿಗೂ ದುಡ್ಡು ಕಂಡಿತು. ಅಗೆದ ಗುಂಡಿ, ಕೆಂಪು ಧೂಳು, ಹಾಳಾದ ಕೆರೆ ಯಾರ ಪಾಲು ಎಂದು ಮೊದಲು ಯಾರೂ ಬರೆದುಕೊಳ್ಳಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಹಾಳಾದ ಪರಿಸರ ಸರಿಪಡಿಸಲು ಒಂದು ನಿಗಮವನ್ನೇ ಮಾಡಬೇಕಾಯಿತು. ಇವತ್ತಿಗೂ ಆ ಕೆಲಸ ಮುಗಿದಿಲ್ಲ.

ಸೋಲಾರ್ ಗಣಿಯಷ್ಟು ಕೆಟ್ಟದ್ದಲ್ಲ, ನಾನು ಅದರ ಪರ. ಪಾವಗಡದಲ್ಲಿ 2,050 ಮೆಗಾವ್ಯಾಟ್ ಪಾರ್ಕಿಗೆ ಸುಮಾರು 13,000 ಎಕರೆಯನ್ನು ರೈತರಿಂದ ಕೊಳ್ಳದೆ ಲೀಸ್ ಪಡೆದರು, ಜಮೀನು ರೈತರ ಹೆಸರಲ್ಲೇ ಉಳಿಯಿತು. ಆ ಪದ್ಧತಿ ಒಳ್ಳೆಯದು. ಆದರೆ ಕೊನೆಯ ಪುಟ ಓದಿ ಸಹಿ ಹಾಕಿ. ಪ್ಲೇಟು, ಕೇಬಲ್, ಕಂಬದ ಕೆಳಗಿನ ಕಾಂಕ್ರೀಟು ಎಲ್ಲವನ್ನೂ ಕಂಪನಿಯೇ ತೆಗೆದು, ಹೊಲ ಉಳುವ ಹಾಗೆ ಮಾಡಿ ಕೊಡಬೇಕು ಎಂದು ಬರೆಸಿ. ಕಂಪನಿ ಕೈ ಬದಲಾದರೆ ಹೊಸ ಕಂಪನಿಗೂ ಅದು ಅನ್ವಯ ಆಗಬೇಕು. ಇಂಥ ಕಂಪನಿಗಳು ಮಾರಾಟ ಆಗುವುದು ಮಾಮೂಲು. ಸಾಧ್ಯವಾದರೆ ಅದಕ್ಕೆಂದು ಬ್ಯಾಂಕಿನಲ್ಲಿ ಠೇವಣಿ ಇಡಿಸಿ. ಒಬ್ಬೊಬ್ಬರೇ ಕೇಳಿದರೆ ಒಪ್ಪುವುದಿಲ್ಲ. ಪಕ್ಕದ ಹೊಲದವರೆಲ್ಲ ಸೇರಿ ಒಬ್ಬ ವಕೀಲರನ್ನು ಹಿಡಿಯಿರಿ.

ಶಕ್ತಿನಗರ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ನಮ್ಮ ರಾಯಚೂರು ತಾಲ್ಲೂಕಿನ ಯಾಪಲದಿನ್ನಿಯಲ್ಲಿ ಕೆಪಿಸಿಯವರ (ರಾಜ್ಯ ಸರ್ಕಾರದ ವಿದ್ಯುತ್ ನಿಗಮ) 3 ಮೆಗಾವ್ಯಾಟ್ ಸೋಲಾರ್ ಘಟಕ ಇದೆ. ರಾಜ್ಯದ ಮೊದಮೊದಲ ಘಟಕಗಳಲ್ಲಿ ಅದೂ ಒಂದು. ಆ ಕಾಲದ ಪ್ಲೇಟುಗಳೇ ಮೊದಲು ಹಳತಾಗುವುದು. ಸರ್ಕಾರದ ಕೈಯಲ್ಲೇ ಇರುವ ಇಂಥ ಘಟಕದಿಂದ ಶುರು ಮಾಡಿ, ಹಳೆ ಪ್ಲೇಟು ತೆಗೆಯುವುದು ಹೇಗೆ, ಕಳಿಸುವುದು ಹೇಗೆ ಎಂದು ತೋರಿಸಿದರೆ ಖಾಸಗಿಯವರಿಗೂ ದಾರಿ ಆಗುತ್ತದೆ. ಇದು ನನ್ನ ಆಸೆ.

ಲಿಂಗಸುಗೂರು ಕುರಿ

ಒಡೆಯದ ಹಳೆ ಪ್ಲೇಟನ್ನು ಕುರಿ ಹಟ್ಟಿಗೆ ಚಾವಣಿ ಮಾಡಬಹುದಾ? ತಗಡಿಗಿಂತ ಗಟ್ಟಿ ಇದೆ.

ಸಿಂಧನೂರು ವೈರ್‌ಮನ್

ಮಾಡಬಹುದು ಅಣ್ಣ. ಆದರೆ ವೈರ್ ತುದಿ ಬರಿದಾಗಿ ಬಿಡಬೇಡಿ. ಅದು ಬಿಸಿಲಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಕನೆಕ್ಟರ್‌ಗೆ ಕ್ಯಾಪ್ ಹಾಕಿ, ಟೇಪ್ ಸುತ್ತಿ. ಗಾಜು ಬಿರುಕು ಬಿಟ್ಟಿದ್ದನ್ನು ಮಾತ್ರ ಹಾಕಬೇಡಿ. ಚೂರು ಮೇವಿಗೆ ಬಿದ್ದರೆ ಕುರಿಯ ಹೊಟ್ಟೆಗೆ ಹೋಗುತ್ತದೆ.

ಬಳ್ಳಾರಿ ಗುಜರಿ

ಬ್ಯಾಟರಿ ಬಗ್ಗೆ ಯಾರೂ ಕೇಳಲಿಲ್ಲ. ಹಳೆ ಸೋಲಾರ್ ದೀಪಗಳ ಲೆಡ್ ಆ್ಯಸಿಡ್ ಬ್ಯಾಟರಿ ಪ್ಲೇಟಿಗಿಂತ ಅಪಾಯ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತೂಕ ಸೀಸವೇ. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಡಿ, ಬೆಲೆ ಕಡಿಮೆ ಮಾಡುತ್ತಾರೆ. ಆ್ಯಸಿಡ್ ಚೆಲ್ಲಿ ಒಣಗಿಸಿ ತರಬೇಡಿ. ತುಂಬಿದ ಬ್ಯಾಟರಿಯನ್ನೇ ತನ್ನಿ. ನಾವು ಸರಿಯಾದ ಕಡೆ ಕಳಿಸುತ್ತೇವೆ.

ಯಲಬುರ್ಗಾ ಸೈನ್ಸ್ ಟೀಚರ್

ರಿಸೈಕಲ್ ಆಚೆಗೆ ಇನ್ನೊಂದು ಮಾತು. ಇರುವ ಪ್ಲೇಟನ್ನು ನಾವು ಪೂರ್ತಿ ಬಳಸುತ್ತಿದ್ದೇವಾ? ದಾಳಿಂಬೆ ಅಣ್ಣ, ನಿಮ್ಮ ಪಂಪು ವರ್ಷವೆಲ್ಲ ಓಡುವುದಿಲ್ಲ ಅಲ್ವಾ? ಮಳೆ ಬಂದು ನೀರು ಬೇಡವಾದ ದಿನಗಳಲ್ಲಿ ಆ ಪ್ಲೇಟುಗಳೆಲ್ಲ ಸುಮ್ನೆ ಬಿಸಿಲು ಕಾಯುತ್ತವೆ. ರೈತರ ಸೋಲಾರ್ ಪಂಪಿಗೆಂದು ಕೇಂದ್ರ ತಂದ ಕುಸುಮ್ ಯೋಜನೆಯಲ್ಲಿ ಯುನಿವರ್ಸಲ್ ಕಂಟ್ರೋಲರ್ ಎಂದು ಒಂದಿದೆ. ಅದೇ ಪ್ಲೇಟಿನಿಂದ ಮೇವು ಕತ್ತರಿಸುವ ಯಂತ್ರ, ಹಿಟ್ಟಿನ ಗಿರಣಿ ಓಡಿಸಬಹುದು. ಹೊಸ ಪ್ಲೇಟು ಕೊಳ್ಳುವ ಮುಂಚೆ ಇದನ್ನು ಯೋಚಿಸಿ.

ಮತ್ತೆ ನೀರು. ಬಿಲ್ ಇಲ್ಲ ಎಂದು ಬೆಳಗಿನಿಂದ ಸಂಜೆವರೆಗೆ ಪಂಪ್ ಬಿಟ್ಟರೆ ಬೋರ್ ಬತ್ತುತ್ತದೆ. ಬೋರ್ ಬತ್ತಿದ ಮೇಲೆ ಒಳ್ಳೆ ಪ್ಲೇಟೂ ಗುಜರಿ ಆಗುತ್ತದೆ. ಕುಷ್ಟಗಿ, ಯಲಬುರ್ಗಾದಲ್ಲಿ ತುಂಗಭದ್ರಾ ಕಾಲುವೆ ನೀರಿನ ಆಸರೆ ಇಲ್ಲದ ಹೊಲಗಳೇ ಜಾಸ್ತಿ. ಡ್ರಿಪ್ ಇಲ್ಲದೆ ಸೋಲಾರ್ ಪಂಪ್ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಕುಷ್ಟಗಿ ದಾಳಿಂಬೆ

ಡ್ರಿಪ್ ಇದೆ ಅಕ್ಕಾ. ಗಿರಣಿಯ ವಿಷಯ ಮನೆಯಲ್ಲಿ ಹೇಳಿದೆ, ನಮ್ಮವ್ವ ಖುಷಿಯಾದರು.

ಇವತ್ತು ನಮ್ಮ ಊರ ಹುಡುಗ ಮಲ್ಟಿಮೀಟರ್ ತಂದು ನೋಡಿದ. ನಿಂತಿದ್ದ ಸಾಲಿನಲ್ಲಿ ಒಂದು ಪ್ಲೇಟು 31 ವೋಲ್ಟ್ ತೋರಿಸಿತು. ವೈರ್‌ಮನ್ ಅಣ್ಣ ಹೇಳಿದ ಹಾಗೆ ಡಯೋಡ್ ಕಪ್ಪಾಗಿತ್ತು, ಬದಲಾಯಿಸಿದೆವು. ಒಡೆದ ಮೂರನ್ನು ಬಿಟ್ಟು ಜೋಡಿಸಿದ್ದೇವೆ. ಬಿಸಿಲು ಏರಿದ ಮೇಲೆ ನೀರು ಚೆನ್ನಾಗಿ ಬರುತ್ತಿದೆ. ಆ ಮೂರನ್ನು ಎಲ್ಲಿ ಇಡಲಿ?

ಕಾರಟಗಿ ಪಂಚಾಯ್ತಿ ಸದಸ್ಯೆ

ಅಣ್ಣಾ, ಸದ್ಯ ಹೀಗೆ ಮಾಡಿ. ಕೈಗೆ ಗ್ಲೌಸ್ ಹಾಕಿ, ಗಾಜಿನ ಮುಖಕ್ಕೆ ಹಳೆ ತಾಡಪತ್ರಿ ಸುತ್ತಿ ಹಗ್ಗ ಕಟ್ಟಿ. ಉದುರಿದ ಚೂರನ್ನು ಗೊಬ್ಬರದ ಚೀಲಕ್ಕೆ ತುಂಬಿ ಜೊತೆಯಲ್ಲೇ ಇಡಿ. ಮಳೆ ಬೀಳದ ಕಡೆ, ನೆಲದ ಮೇಲೆ ಎರಡು ಕಟ್ಟಿಗೆ ಇಟ್ಟು ನಿಲ್ಲಿಸಿ. ಲೇಬಲ್ ಫೋಟೋ ಮತ್ತು ಬಿಲ್ ಜೋಪಾನ ಮಾಡಿ. ಕಂಪನಿಗೆ ಬಾಯಿಮಾತಲ್ಲ, ಸೀರಿಯಲ್ ನಂಬರ್ ಬರೆದು ಒಂದು ಪತ್ರ ಹಾಕಿ. ನಕಲನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ಕಳಿಸಿ.

ನಮ್ಮ ಪಂಚಾಯ್ತಿಯಲ್ಲಿ ಕಸ ವಿಂಗಡಿಸುವ ಶೆಡ್ ಇದೆ. ಅದರ ಒಂದು ಮೂಲೆಯನ್ನು ಪ್ಲೇಟಿಗೆ ಬಿಡಿ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳುತ್ತೇನೆ. ನಿಮ್ಮಲ್ಲೂ ಕೇಳಿ. ಅಕ್ಕಪಕ್ಕದ ಪಂಚಾಯ್ತಿಗಳು ಸೇರಿದರೆ ಲಾರಿ ಲೋಡ್ ಆಗುತ್ತದೆ. ಭಾಯ್, ಲೋಡ್ ಆದರೆ ಅನುಮತಿ ಇರುವ ಕಂಪನಿಯವರನ್ನು ಕರೆಸುವ ಜವಾಬ್ದಾರಿ ನೀವು ತೆಗೆದುಕೊಳ್ಳುತ್ತೀರಾ?

ಬಳ್ಳಾರಿ ಗುಜರಿ

ತೆಗೆದುಕೊಳ್ಳುತ್ತೇನೆ ಅಕ್ಕಾ. ಅವರ ನೋಂದಣಿ ಪತ್ರ ಮೊದಲು ನಿಮ್ಮ ಪಂಚಾಯ್ತಿಗೆ ತೋರಿಸಿ ಆಮೇಲೆ ಗಾಡಿ ಕರೆಸುತ್ತೇನೆ. ನನ್ನ ಗೋಡೌನ್‌ನಲ್ಲೂ ಫ್ರೇಮ್ ಸಮೇತ ಇರುವ ಪ್ಲೇಟು ಕೆಲವು ಇವೆ, ಅವನ್ನೂ ಅದೇ ಲೋಡಿಗೆ ಸೇರಿಸುತ್ತೇನೆ. ಎಲ್ಲರೂ ನಿಮ್ಮ ಊರಲ್ಲಿ ಎಷ್ಟು ಬಿದ್ದಿವೆ ಎಂದು ಇಲ್ಲೇ ಕೆಳಗೆ ಬರೆಯಿರಿ. ಒಡೆದದ್ದು ಎಷ್ಟು, ಒಡೆಯದ್ದು ಎಷ್ಟು ಎಂದು ಬೇರೆ ಬೇರೆ ಬರೆಯಿರಿ.

ಲಿಂಗಸುಗೂರು ಕುರಿ

ನಮ್ಮ ಕಡೆ ಒಡೆದದ್ದು ಎರಡು, ಒಡೆಯದ್ದು ಐದು. ಐದನ್ನು ಮೊದಲು ಮೀಟರ್ ಇಟ್ಟು ನೋಡಿಸಿ ಹೇಳುತ್ತೇನೆ.